ಮನೆಗೆ ಬರೋ ಪೇಪರ್ ನಿಂತಿದ್ದು ಬರೀ ಮೊಬೈಲ್‌ನಿಂದಾನಾ?

ಕಾಫಿ_ಜತೆ_ಪೇಪರ್ (ಚರ್ಚೆ ಶುರು ಮಾಡಿದವರು)

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಈಗ ಪೇಪರ್ ತರಿಸುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಲಿಫ್ಟ್‌ನಲ್ಲಿ ಸಿಕ್ಕವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: 'ಮೊಬೈಲಲ್ಲೇ ಎಲ್ಲಾ ಬರುತ್ತಲ್ಲ ಸಾರ್'. ಇದು ಅರ್ಧ ನಿಜ ಅಷ್ಟೇ ಅಂತ ನನಗನ್ನಿಸುತ್ತದೆ.

ನನ್ನ ವಾದ ಕೇಳಿ. ಸುದ್ದಿಗೆ ನಾವು ಯಾವತ್ತೂ ಪೂರ್ತಿ ದುಡ್ಡು ಕೊಟ್ಟವರೇ ಅಲ್ಲ. ಕೆಲವೇ ರೂಪಾಯಿಗೆ ಸಿಗುವ ಪೇಪರಿನ ಕಾಗದ, ಶಾಯಿ, ಸಾಗಣೆ, ಏಜೆಂಟರ ಕಮಿಷನ್, ವರದಿಗಾರರ ಸಂಬಳ ಎಲ್ಲ ಕೂಡಿಸಿದರೆ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ವ್ಯತ್ಯಾಸದ ದುಡ್ಡು ಬರುತ್ತಿದ್ದದ್ದು ಜಾಹೀರಾತಿನಿಂದ. ಅಂದರೆ ಸೋಪು, ಸೀರೆ, ಸೈಟು ಮಾರುವವರು ನಮ್ಮ ಪೇಪರ್ ಬಿಲ್ ಕಟ್ಟುತ್ತಿದ್ದರು. ನಾವು ಮಾತ್ರ 'ನಮ್ಮ ಪೇಪರು' ಅಂತ ಹೇಳಿಕೊಂಡು ಓಡಾಡಿದೆವು.

1999ರಲ್ಲಿ ವಿಜಯ ಸಂಕೇಶ್ವರರು ವಿಜಯ ಕರ್ನಾಟಕ ಶುರು ಮಾಡಿದ್ದು ಹಲವರಿಗೆ ನೆನಪಿರಬಹುದು. ಅವರದ್ದೇ ಲಾರಿಗಳ ದೊಡ್ಡ ಸಂಸ್ಥೆ ಇತ್ತು. ಜಿಲ್ಲೆ ಜಿಲ್ಲೆಗೂ ಪೇಪರ್ ಬೇಗ ಮುಟ್ಟಿತು. ಬೆಲೆಯನ್ನೂ ಇಳಿಸಿದರು. ಉಳಿದವರೂ ಇಳಿಸದೆ ವಿಧಿಯಿರಲಿಲ್ಲ. ಅದರಿಂದ ಒಳ್ಳೆಯದೂ ಆಯಿತು, ಸುಳ್ಳು ಹೇಳಬಾರದು. ಅದುವರೆಗೆ ಪೇಪರ್ ತರಿಸದ ಮನೆಗಳೂ ತರಿಸತೊಡಗಿದವು. 2006ರಲ್ಲಿ ಆ ಪತ್ರಿಕೆಯನ್ನು ಟೈಮ್ಸ್ ಸಮೂಹ ಕೊಂಡುಕೊಂಡಿತು. ಆದರೆ ಬೆಲೆ ಸಮರ ಕಲಿಸಿದ ಅಭ್ಯಾಸ ಹಾಗೇ ಉಳಿಯಿತು. ಪೇಪರ್ ಅಂದರೆ ಚಿಲ್ಲರೆ ಕಾಸಿನ ವಸ್ತು, ಒಂದು ರೂಪಾಯಿ ಏರಿಸಿದರೂ ನಿಲ್ಲಿಸಿಬಿಡೋಣ ಅನ್ನೋ ಅಭ್ಯಾಸ.

ಆಮೇಲೆ ಏನಾಯ್ತು? ವಧು-ವರರ ಜಾಹೀರಾತು ಮ್ಯಾಟ್ರಿಮೊನಿ ತಾಣಗಳಿಗೆ ಹೋಯಿತು. ಬಾಡಿಗೆ ಮನೆ, ಹಳೇ ಬೈಕು, ಕೆಲಸ ಖಾಲಿ ಇದೆ, ಎಲ್ಲವೂ ಆಪ್‌ಗಳಿಗೆ ಹೋದವು. ದೊಡ್ಡ ಕಂಪನಿಗಳ ದುಡ್ಡು ಗೂಗಲ್, ಫೇಸ್‌ಬುಕ್ ಕಡೆ ಹರಿಯಿತು. ಇನ್ನೊಂದು ಕಡೆ ಕಾಗದ. 2019ರ ಕೇಂದ್ರ ಬಜೆಟ್‌ನಲ್ಲಿ ಆಮದು ನ್ಯೂಸ್‌ಪ್ರಿಂಟ್ ಮೇಲೆ ಶೇ 10ರಷ್ಟು ಸುಂಕ ಬಿತ್ತು, ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿದರು. ಅಷ್ಟರಲ್ಲಿ ಕೊರೊನಾ ಬಂತು. 2022ರಲ್ಲಿ ಉಕ್ರೇನ್ ಯುದ್ಧ. ನಮಗೆ ಕಾಗದ ಬರುವ ದೇಶಗಳಲ್ಲಿ ರಷ್ಯಾ ಮುಖ್ಯವಾದದ್ದು. ಕೊರೊನಾಕ್ಕೆ ಮುಂಚಿನ ದರಕ್ಕೆ ಹೋಲಿಸಿದರೆ ಕಾಗದದ ಬೆಲೆ ದುಪ್ಪಟ್ಟಾಯಿತು. ಪುಟಗಳು ಕಡಿಮೆ ಆದದ್ದು ನೀವೂ ಗಮನಿಸಿರುತ್ತೀರಿ.

ಹಾಗಾಗಿ ಮೊಬೈಲ್ ಕೊನೆಯ ಪೆಟ್ಟು ಕೊಟ್ಟಿತು ಅನ್ನಿ, ಒಪ್ಪುತ್ತೇನೆ. ಮೊದಲ ಪೆಟ್ಟು ನಮ್ಮದೇ. ನೀವೇನಂತೀರಿ?

ಹಾವೇರಿ_ಹುಡುಗ

ಇಷ್ಟುದ್ದ ಯಾಕಣ್ಣ? ನಿನ್ನೆ ರಾತ್ರಿ 9 ಗಂಟೆಗೆ ಮ್ಯಾಚ್ ಮುಗಿದಿದೆ. ರೀಲ್ಸ್, ಮೀಮ್ಸ್ ಎಲ್ಲ ನೋಡಿ ಮಲಗಿದ್ದೀನಿ. ಬೆಳಿಗ್ಗೆ ಅದೇ ಸುದ್ದಿನ ದುಡ್ಡು ಕೊಟ್ಟು ಯಾಕೆ ಓದಲಿ? ಆರಿದ ಚಹಾನ ಯಾರು ಕುಡೀತಾರೆ. ಪೇಪರ್ ಕಾಲ ಮುಗೀತು ಅಷ್ಟೇ.

ಬಂಡಲ್_ಬಸಣ್ಣ

ನಾನು ದಾವಣಗೆರೆಯಲ್ಲಿ ಪೇಪರ್ ಏಜೆಂಟ್. ಇಲ್ಲಿ ಎಲ್ಲರೂ ಓದೋರ ಕಡೆಯಿಂದ, ಕಂಪನಿ ಕಡೆಯಿಂದ ಮಾತಾಡ್ತೀರಿ. ಮಧ್ಯದಲ್ಲಿ ನಾವಿದ್ದೇವೆ, ಸ್ವಲ್ಪ ಕೇಳಿ.

ಬೆಳಗಿನ ಜಾವ 4 ಗಂಟೆಗೆ ಬಂಡಲ್ ಇಳಿಯುತ್ತದೆ. ಅಂಗಡಿ ಮುಂದಿನ ಕಟ್ಟೆ ಮೇಲೆ, ಬೀದಿದೀಪದ ಕೆಳಗೆ ಕೂತು ಎಣಿಸಬೇಕು. ಪುರವಣಿ ಬೇರೆ ಕಟ್ಟು, ಮುಖ್ಯ ಪೇಪರ್ ಬೇರೆ ಕಟ್ಟು. ಒಂದೊಂದಕ್ಕೂ ಪುರವಣಿ ಸೇರಿಸಬೇಕು. ಅದರ ಒಳಗೆ ಚಿನ್ನದಂಗಡಿ, ಟ್ಯೂಷನ್ ಸೆಂಟರಿನ ಪಾಂಪ್ಲೆಟ್ ಇದ್ದರೆ ಅದನ್ನೂ ತುರುಕಬೇಕು. ಸತ್ಯ ಹೇಳ್ತೀನಿ, ಕೆಲವು ತಿಂಗಳು ಪೇಪರ್ ಕಮಿಷನ್‌ಗಿಂತ ಆ ಪಾಂಪ್ಲೆಟ್ ದುಡ್ಡೇ ನಮ್ಮ ಕೈ ಹಿಡಿಯುವುದು. ಮಳೆಗಾಲದಲ್ಲಿ ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್. ಆಮೇಲೆ ಹುಡುಗರು ಲೈನ್‌ಗೆ ಹೊರಡುತ್ತಾರೆ. ಎರಡನೇ ಮಹಡಿ ಬಾಲ್ಕನಿಗೆ ಎಸೆಯಬೇಕಾದರೆ ಪೇಪರನ್ನು ಮೂರು ಮಡಿಕೆ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ, ಕೈ ತಿರುಚಿ ಎಸೆಯಬೇಕು. ಬಿಚ್ಚಿಕೊಂಡರೆ ಚರಂಡಿಗೆ ಹೋಯಿತು. ಅದರ ದುಡ್ಡು ನಮ್ಮದೇ.

ಈಗ ಲೈನ್ ಅಂದರೆ ಏನು ಅಂತ ತಿಳ್ಕೊಳ್ಳಿ. ಒಂದು ಬಡಾವಣೆಯ ರಸ್ತೆಗಳನ್ನು ಒಬ್ಬ ಹುಡುಗನಿಗೆ ಹಂಚಿದರೆ ಅದು ಒಂದು ಲೈನ್. ಮೊದಲು ಒಂದು ರಸ್ತೆಯಲ್ಲಿ ಸಾಲಾಗಿ ಹತ್ತು ಮನೆಗೆ ಹಾಕುತ್ತಿದ್ದವನು ಈಗ ಅದೇ ರಸ್ತೆಯಲ್ಲಿ ಎರಡು ಮನೆಗೆ ಹಾಕುತ್ತಾನೆ. ಸುತ್ತುವುದು ಅಷ್ಟೇ ದೂರ, ಪೆಟ್ರೋಲ್ ಅಷ್ಟೇ, ಹೊತ್ತು ಅಷ್ಟೇ. ಸಿಗುವ ಸಂಬಳ ಮಾತ್ರ ಪೇಪರ್ ಲೆಕ್ಕದ ಮೇಲೆ. ಯಾರು ಬರ್ತಾರ್ರೀ? ಫುಡ್ ಡೆಲಿವರಿಗೆ ಹೋದರೆ ಅದಕ್ಕಿಂತ ಜಾಸ್ತಿ ಸಿಗುತ್ತೆ, ಬೆಳಿಗ್ಗೆ ನಿದ್ದೆನೂ ಮಾಡಬಹುದು. ನನ್ನ ಹತ್ತಿರ ಈಗ ಇರೋರಲ್ಲಿ ಜಾಸ್ತಿ ಜನ ಮಧ್ಯವಯಸ್ಸಿನವರು. 'ಪೇಪರ್ ಹುಡುಗ' ಅಂತ ಹೆಸರಿಗೆ ಮಾತ್ರ.

ಹುಡುಗ ಬಿಟ್ಟ ಅಂದರೆ ಆ ಲೈನ್ ನಿಂತಿತು. ಅಲ್ಲಿ ಓದೋರು ಇದ್ದರೂ ಪೇಪರ್ ಹೋಗಲ್ಲ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. 'ಓದುಗರು ಕಡಿಮೆಯಾದರು' ಅಂತ ಬರೆದುಬಿಡುತ್ತಾರೆ.

2020ರ ಮಾರ್ಚ್ ಕೊನೆಯಲ್ಲಿ ಏನಾಯಿತು ಗೊತ್ತಾ? ಪೇಪರ್‌ನಿಂದ ಕೊರೊನಾ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಹರಡಿತು. ಗೇಟ್ ಹತ್ತಿರ ಬಂದ್ರೆ ಬೈಯೋರು. ಹಾಲಿನ ಪ್ಯಾಕೆಟ್ ಬೇಕು, ಪೇಪರ್ ಬೇಡ. ಆಗ ನಿಲ್ಲಿಸಿದವರಲ್ಲಿ ಎಷ್ಟೋ ಜನ ಮತ್ತೆ ಶುರು ಮಾಡಲೇ ಇಲ್ಲ. ಮೊಬೈಲ್ ಎಲ್ಲರ ಕೈಗೂ ಬಂದು ಆಗಲೇ ಕೆಲವು ವರ್ಷ ಆಗಿತ್ತಲ್ಲ? ಆದರೂ ಪೇಪರ್ ತರಿಸುತ್ತಿದ್ದರು. ಒಮ್ಮೆ ಅಭ್ಯಾಸ ತಪ್ಪಿದ್ದೇ ತಪ್ಪಿದ್ದು, ಮುಗೀತು.

ಕಾಫಿ_ಜತೆ_ಪೇಪರ್

ಬಸಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಬೆಲೆ ಏರಿಸಿದರೆ ನಿಮಗೆ ಕಮಿಷನ್ ಜಾಸ್ತಿ ಆಗಲ್ವಾ?

ಬಂಡಲ್_ಬಸಣ್ಣ

ಆಗುತ್ತೆ ಸಾರ್, ಮುಖಬೆಲೆ ಮೇಲೇ ಕಮಿಷನ್. ಆದರೆ ಬೆಲೆ ಏರಿದ ತಿಂಗಳು ನಾಲ್ಕು ಮನೆ ಬಿಡುತ್ತವೆ. ವಸೂಲಿ ಇನ್ನೊಂದು ಗೋಳು. ತಿಂಗಳ ಬಿಲ್ಲಿಗೆ ಮೂರು ಸಲ ಬಾಗಿಲು ತಟ್ಟಬೇಕು. 'ಯಜಮಾನ್ರು ಇಲ್ಲ, ನಾಳೆ ಬಾ' ಅಂತಾರೆ. ಅದೇ ಮನೆಯಲ್ಲಿ ಟಿವಿ ರೀಚಾರ್ಜ್ ಒಂದು ದಿನ ತಡ ಆಗಲ್ಲ.

ಸೆಪ್ಟೆಂಬರ್ 4 ಪತ್ರಿಕಾ ವಿತರಕರ ದಿನ. ಅವತ್ತು ಪೇಪರ್‌ನಲ್ಲಿ ನಮ್ಮ ಫೋಟೊ ಹಾಕ್ತಾರೆ, ಸನ್ಮಾನ ಮಾಡ್ತಾರೆ. ಅಬ್ದುಲ್ ಕಲಾಂ ಕೂಡ ಪೇಪರ್ ಹಾಕುತ್ತಿದ್ದರು ಅಂತ ಎಲ್ಲ ಭಾಷಣದಲ್ಲೂ ಬರುತ್ತೆ. ಸರಿ. ಕಾರ್ಮಿಕ ಇಲಾಖೆಯಿಂದ ನಮಗೊಂದು ಅಪಘಾತ ಪರಿಹಾರದ ಯೋಜನೆ ಬಂದಿದೆ, ಅದು ಒಳ್ಳೆಯ ಕೆಲಸ. ಕತ್ತಲಲ್ಲಿ ಬೈಕ್ ಓಡಿಸೋರಿಗೆ ಅದು ಬೇಕು.

ಕಡಲ_ಕರೆ

ನಮ್ಮ ಕರಾವಳಿ ಕಥೆ ಸ್ವಲ್ಪ ಬೇರೆ ಮಾರಾಯ್ರೆ. ಇಲ್ಲಿ ಪೇಪರ್ ಅಂದರೆ ಅರ್ಧ ನೋಟಿಸ್ ಬೋರ್ಡ್ ಇದ್ದ ಹಾಗೆ. ಇವತ್ತು ಯಾವ ಮೇಳದ ಯಕ್ಷಗಾನ ಯಾವ ಊರಲ್ಲಿ, ಯಾರು ತೀರಿಕೊಂಡರು, ಯಾವ ದೇವಸ್ಥಾನದಲ್ಲಿ ಬ್ರಹ್ಮಕಲಶ, ಇದಕ್ಕೋಸ್ಕರವೇ ತೆಗೆದುಕೊಳ್ಳುವ ಮನೆಗಳಿವೆ. ನನ್ನ ಅತ್ತೆ ಮುಖಪುಟ ಕೊನೆಗೆ ಓದುವುದು. ಮೊದಲು ನಿಧನ ಸುದ್ದಿಯ ಪುಟ. ಗುರುತಿನವರು ಯಾರಾದರೂ ಇದ್ದರೆ ಫೋನ್ ಮಾಡಬೇಕಲ್ಲ!

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೂ ಇಲ್ಲೇ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ತಂದರು. ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಂದು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಆಯಿತು. ಅಂದರೆ ಕನ್ನಡದ ಮೊದಲ ಪತ್ರಿಕೆಯೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಕಡೆ ನಿಲ್ಲಲಿಲ್ಲ. ಪೇಪರ್ ನಡೆಸುವುದು ಯಾವ ಕಾಲದಲ್ಲೂ ಸುಲಭ ಇರಲಿಲ್ಲ.

ಇನ್ನೊಂದು ಹೇಳ್ತೇನೆ. ಮೊಬೈಲ್ ಇಲ್ಲದ ಕಾಲದಲ್ಲೂ ಪೇಪರುಗಳು ಮುಚ್ಚಿವೆ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ ಮುಂಗಾರು ತಂದರು. ಓದುಗರಿಂದಲೇ ಷೇರು ಹಣ ಕೂಡಿಸಿ ಕಟ್ಟಿದ ಪೇಪರ್ ಅದು. ಅದರಲ್ಲಿ ಪಳಗಿದ ಎಷ್ಟೋ ಪತ್ರಕರ್ತರು ಆಮೇಲೆ ದೊಡ್ಡ ಹೆಸರು ಮಾಡಿದರು. ಪೇಪರ್ ಮಾತ್ರ ಉಳಿಯಲಿಲ್ಲ. ಅದನ್ನು ಯಾವ ಸ್ಮಾರ್ಟ್‌ಫೋನ್ ಕೊಂದದ್ದು?

ಕಾಫಿ_ಜತೆ_ಪೇಪರ್

ನನ್ನ ವಾದಕ್ಕೆ ಇದೇ ಸಾಕ್ಷಿ ಅಲ್ವಾ? ಇದಕ್ಕೆ ಎದುರಾಗಿ ಲಂಕೇಶ್ ಪತ್ರಿಕೆ ಇಟ್ಟು ನೋಡಿ. 1980ರಲ್ಲಿ ಶುರುವಾದ ವಾರಪತ್ರಿಕೆ. ಜಾಹೀರಾತೇ ತೆಗೆದುಕೊಳ್ಳುತ್ತಿರಲಿಲ್ಲ. ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಯಿತು, ಮುಖ್ಯಮಂತ್ರಿಗಳನ್ನು ನಡುಗಿಸಿತು. ಕೊಡುವ ಮನಸ್ಸು ಕನ್ನಡಿಗರಿಗೆ ಇಲ್ಲದೇ ಇಲ್ಲ.

ಕಡಲ_ಕರೆ

ವಾರಪತ್ರಿಕೆ ಬೇರೆ, ದಿನಪತ್ರಿಕೆ ಬೇರೆ. ವಾರಕ್ಕೊಮ್ಮೆ ಒಬ್ಬ ಸಂಪಾದಕನ ಬರವಣಿಗೆಗೆ ದುಡ್ಡು ಕೊಡುತ್ತಾರೆ. ದಿನಾ ಬೆಳಿಗ್ಗೆ ತಾಲ್ಲೂಕು ಪಂಚಾಯಿತಿ ಸಭೆಯ ವರದಿಗೆ ಯಾರು ಕೊಡ್ತಾರೆ?

ವಕೀಲರ_ಓಣಿ

ಸ್ವಲ್ಪ ಕಾನೂನಿನ ಕಡೆ ಬರೋಣ. ಮುದ್ರಿತ ಪತ್ರಿಕೆ ಪೂರ್ತಿ ಸಾಯದಂತೆ ಹಿಡಿದಿರುವುದರಲ್ಲಿ ಕಾನೂನಿನ ಪಾಲೂ ಇದೆ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ನೋಡಿ. ಜಮೀನು ತೆಗೆದುಕೊಳ್ಳುವ ಮುಂಚೆ ಆ ಭಾಗದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದು. ಬ್ಯಾಂಕುಗಳು ಸಾಲ ಕಟ್ಟದವರ ಆಸ್ತಿ ವಶಕ್ಕೆ ತೆಗೆದುಕೊಂಡಾಗಲೂ ಹಾಗೇ. ಕೋರ್ಟಿನ ಸಮನ್ಸ್ ಕೈಗೆ ಕೊಡಲು ಆಗದಿದ್ದರೆ ಪೇಪರ್‌ನಲ್ಲಿ ಹಾಕಿಸಲು ಆದೇಶ ಆಗುತ್ತದೆ. ಹೆಸರು ಬದಲಾವಣೆ, ಕಳೆದುಹೋದ ಮೂಲಪತ್ರ, ಆಸ್ತಿ ಕೊಳ್ಳುವ ಮುಂಚಿನ ಆಕ್ಷೇಪಣೆಯ ನೋಟಿಸ್, ಎಲ್ಲವೂ ಪೇಪರ್‌ಗೇ.

ಇದರ ಇನ್ನೊಂದು ಮುಖವೂ ಇದೆ. ಯಾರೂ ಓದದ, ನೋಟಿಸ್ ಮತ್ತು ಸರ್ಕಾರಿ ಜಾಹೀರಾತಿಗಾಗಿಯೇ ಅಚ್ಚಾಗುವ ಪೇಪರುಗಳು. ಒಂದು ಕೇಸಲ್ಲಿ ನಮ್ಮ ಕಕ್ಷಿದಾರರ ಜಮೀನಿಗೆ ಸಂಬಂಧಪಟ್ಟ ನೋಟಿಸ್ ಅಂಥದ್ದೊಂದು ಪೇಪರ್‌ನಲ್ಲಿ ಬಂದಿತ್ತು. ಅವರ ಊರಿನ ಯಾವ ಅಂಗಡಿಯಲ್ಲೂ ಆ ಹೆಸರಿನ ಪೇಪರ್ ಕಂಡವರಿಲ್ಲ. ಫೈಲ್‌ನಲ್ಲಿ ಮಾತ್ರ ಕಟಿಂಗ್ ಚೆನ್ನಾಗಿ ಅಂಟಿಸಿದ್ದರು. 'ಪ್ರಕಟವಾಗಿದೆ' ಅಂದರೆ ಕಾನೂನಿನ ಲೆಕ್ಕದಲ್ಲಿ ಅವರಿಗೆ ತಿಳಿದಿದೆ ಅಂತಲೇ ಅರ್ಥ. ಜನ ಓದುವ ಪೇಪರುಗಳು ಕಡಿಮೆಯಾದಷ್ಟೂ ಇಂಥ ಆಟ ಸುಲಭ.

ಪತ್ರಿಕೆಗಳ ನೋಂದಣಿಗೆ 1867ರ ಬ್ರಿಟಿಷರ ಕಾಯ್ದೆಯೇ ಇತ್ತು. ಅದನ್ನು ತೆಗೆದು 2023ರಲ್ಲಿ ಹೊಸ ಕಾಯ್ದೆ ತಂದರು, 2024ರ ಮಾರ್ಚ್ 1ರಿಂದ ಜಾರಿಯಾಗಿದೆ. ಪತ್ರಿಕೆ ನೋಂದಾಯಿಸುವುದು ಸುಲಭವಾಗಿದೆ. ನಡೆಸುವುದಲ್ಲ.

ಧಾರವಾಡ_ಸ್ಪರ್ಧಾರ್ಥಿ

'ಯುವಕರು ಪೇಪರ್ ಓದಲ್ಲ' ಅಂತ ಯಾರಾದರೂ ಹೇಳಿದರೆ ಒಂದು ಬೆಳಿಗ್ಗೆ ಧಾರವಾಡದ ಲೈಬ್ರರಿಗೆ ಬರ್ರಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದೋರೇ ತುಂಬಿರ್ತಾರೆ. ಒಂದು ಪೇಪರ್ ನಾಲ್ಕು ಮಂದಿ ಕೈಯಾಗ. ಒಬ್ಬನಿಗೆ ಸಂಪಾದಕೀಯ ಪುಟ, ಇನ್ನೊಬ್ಬನಿಗೆ ವಾಣಿಜ್ಯ, ಮತ್ತೊಬ್ಬನಿಗೆ ಕ್ರೀಡೆ. ಸಿನಿಮಾ ಪುರವಣಿ ಟೇಬಲ್ ಮ್ಯಾಲೆ ಅನಾಥವಾಗಿ ಬಿದ್ದಿರುತ್ತದೆ. ಮೊಬೈಲ್ ಹಿಡಿದರೆ ಪ್ರಚಲಿತ ವಿದ್ಯಮಾನ ಓದಲು ಹೋಗಿ ಕ್ರಿಕೆಟ್ ವಿಡಿಯೊದಲ್ಲಿ ಸಿಕ್ಕಿಬೀಳ್ತೀವಿ. ಪೇಪರ್‌ಗೆ ನೋಟಿಫಿಕೇಶನ್ ಬರಂಗಿಲ್ಲ, ಅದೇ ಅದರ ದೊಡ್ಡ ಗುಣ.

ಆದರೆ ಒಂದು ಮಾತು. ನಾವು ಯಾರೂ ಕೊಳ್ಳಂಗಿಲ್ಲ. ರೂಮ್ ಬಾಡಿಗೆ, ಮೆಸ್ಸು, ಪರೀಕ್ಷೆ ಫೀ ಕಟ್ಟಿದ ಮ್ಯಾಲೆ ಏನೂ ಉಳಿಯಂಗಿಲ್ಲ. ರಜೆಗೆ ಊರಿಗೆ ಹೋದಾಗ ಟೆಲಿಗ್ರಾಂ ಗ್ರೂಪ್‌ನಾಗೆ ಎಲ್ಲಾ ಪೇಪರ್ ಪಿಡಿಎಫ್ ಬೆಳಿಗ್ಗೆ 6ಕ್ಕೇ ಬರ್ತಾವು.

ವಕೀಲರ_ಓಣಿ

ತಮ್ಮಾ, ಪೊಲೀಸ್ ಪರೀಕ್ಷೆಗೆ ಓದೋನು ಪಿಡಿಎಫ್ ವಿಷಯ ಇಷ್ಟು ಧೈರ್ಯವಾಗಿ ಹೇಳಬೇಡ! 2020ರಲ್ಲಿ ಹಿಂದಿಯ ದೈನಿಕ್ ಜಾಗರಣ್ ಪತ್ರಿಕೆ ಇದೇ ವಿಷಯಕ್ಕೆ ಟೆಲಿಗ್ರಾಂ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಇ-ಪೇಪರ್ ಹಂಚುತ್ತಿದ್ದ ಚಾನೆಲ್‌ಗಳನ್ನು ತೆಗೆಯುವಂತೆ ಕೋರ್ಟ್ ಹೇಳಿತು. ಒಂದು ಮುಚ್ಚಿದರೆ ಹತ್ತು ಹುಟ್ಟುತ್ತವೆ, ಅದು ಬೇರೆ ಮಾತು.

ಹಾವೇರಿ_ಹುಡುಗ

ನೋಡಿ ಮತ್ತೆ! ಓದೋರೂ ಕೊಳ್ಳಲ್ಲ. ಕೊಳ್ಳೋದಾದರೂ ಯಾಕೆ? ಪೇಪರ್ ಬಿಡಿಸಿದರೆ ಮೊದಲ ಪುಟ ಪೂರ್ತಿ ಬಿಲ್ಡರ್ ಜಾಹೀರಾತು. ತಿರುವಿದರೆ ಎರಡನೇದೂ ಅದೇ. ಮೂರನೇ ಪುಟದಲ್ಲಿ 'ಮುಖಪುಟ' ಬರುತ್ತೆ. ಯಾವುದಾದರೂ ಸರ್ಕಾರ ನೂರು ದಿನ ಪೂರೈಸಿದರೆ ಕಥೆ ಮುಗೀತು, ಪೇಪರ್ ಅಲ್ಲ ಆಲ್ಬಂ. ಚುನಾವಣೆ ಬಂದರೆ ಯಾವುದು ಸುದ್ದಿ, ಯಾವುದು ಕಾಸಿಗೆ ಹಾಕಿದ್ದು ಗೊತ್ತಾಗಲ್ಲ. ನಂಬಿಕೆ ಕಳ್ಕೊಂಡಿದ್ದು ಅವರು. ತಪ್ಪು ಓದುಗರದ್ದಾ?

ಕಾಫಿ_ಜತೆ_ಪೇಪರ್

ಈ ಮಾತಿಗೆ ನನ್ನ ವಿರೋಧ ಇಲ್ಲ. ಆದರೆ ಅದೂ ನಾನು ಹೇಳಿದ್ದಕ್ಕೇ ಬಂದು ಸೇರುತ್ತದೆ ನೋಡಿ. ಯಾರು ದುಡ್ಡು ಕೊಡುತ್ತಾರೋ ಅವರ ಮಾತು ನಡೆಯುತ್ತದೆ. ಖಾಸಗಿ ಜಾಹೀರಾತು ಕಡಿಮೆಯಾದಷ್ಟೂ ಸರ್ಕಾರದ ಜಾಹೀರಾತೇ ದಿಕ್ಕು. ಸಣ್ಣ ಪೇಪರುಗಳಿಗಂತೂ ವಾರ್ತಾ ಇಲಾಖೆಯ ಬಿಲ್ ಬಂದರೆ ಹಬ್ಬ, ತಡವಾದರೆ ಉಪವಾಸ. ಅಂಥ ಪೇಪರ್ ಸರ್ಕಾರದ ವಿರುದ್ಧ ಎಷ್ಟು ಗಟ್ಟಿಯಾಗಿ ಬರೆದೀತು?

ಡೆಸ್ಕ್_ನಂ_3

ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಹೆಸರು ಬೇಡ. ಒಳಗಿನಿಂದ ಈ ಇಳಿತ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಓದುಗರು ನೋಡುವುದು ಪುಟ ಕಡಿಮೆಯಾದದ್ದನ್ನು. ನಾವು ನೋಡಿದ್ದು ಕುರ್ಚಿ ಖಾಲಿಯಾದದ್ದನ್ನು.

ಮೊದಲು ಹೋದವರು ಕರಡು ತಿದ್ದುವವರು. ಕಂಪ್ಯೂಟರ್ ಬಂತಲ್ಲ, ಅವರ್ಯಾಕೆ ಅಂದರು. ಆಮೇಲೆ ಜಿಲ್ಲೆಯ ಡೆಸ್ಕುಗಳು, ಅಂದರೆ ಸುದ್ದಿ ತಿದ್ದಿ ಪುಟ ಕೂಡಿಸುವ ವಿಭಾಗಗಳು, ಒಂದೊಂದಾಗಿ ಮುಚ್ಚಿ ಕೆಲಸವೆಲ್ಲ ಒಂದೇ ಕಡೆಗೆ ಬಂತು. ಚಿಕ್ಕೋಡಿಯ ಪುಟವನ್ನು ಚಿಕ್ಕೋಡಿ ಕಾಣದವನು ಕೂಡಿಸುತ್ತಾನೆ. ಹಳ್ಳಿಗಳ ಹೆಸರು ತಪ್ಪುತ್ತವೆ. ಒಂದೇ ಹೆಸರಿನ ಎರಡು ಊರುಗಳು ಅದಲು ಬದಲಾಗುತ್ತವೆ. ಊರವರು ನಕ್ಕು ಪೇಪರ್ ನಿಲ್ಲಿಸುತ್ತಾರೆ.

ನಿಜವಾದ ನಷ್ಟ ತಾಲ್ಲೂಕಿನ ಅರೆಕಾಲಿಕ ವರದಿಗಾರರದ್ದು. ಅವರಿಗೆ ಸಂಬಳ ಅಂತ ಇರುವುದಿಲ್ಲ, ಸಣ್ಣ ಗೌರವಧನ. ಜೊತೆಗೆ ಜಾಹೀರಾತು ತಂದರೆ ಅದರಲ್ಲಿ ಪಾಲು. ಜೆರಾಕ್ಸ್ ಅಂಗಡಿ, ಎಲ್‌ಐಸಿ ಏಜೆನ್ಸಿ, ತೋಟ ಏನಾದರೂ ಇಟ್ಟುಕೊಂಡು ಇದನ್ನು ಮಾಡುತ್ತಾರೆ. ಅಂಥ ಒಬ್ಬರು ಪ್ರತಿದಿನ ಎಪಿಎಂಸಿಗೆ ಹೋಗಿ ಮೆಕ್ಕೆಜೋಳ, ಅಡಿಕೆ ದರ ಬರೆದುಕೊಂಡು ಬರುತ್ತಿದ್ದರು. ಪುರಸಭೆ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಎಷ್ಟು ಲಕ್ಷದ ಚರಂಡಿಗೆ ಯಾರು ಅನುಮೋದನೆ ಕೊಟ್ಟರು ಅಂತ ನಾಲ್ಕು ಸಾಲು ಕಳಿಸುತ್ತಿದ್ದರು. ಆ ನಾಲ್ಕು ಸಾಲನ್ನು ನಾವು ಒಳಪುಟದ ಮೂಲೆಗೆ ಹಾಕುತ್ತಿದ್ದೆವು. ಓದುವವರು ಕಡಿಮೆ, ನಿಜ. ಆದರೆ ಅವರು ಅಲ್ಲಿ ಕೂತಿದ್ದಾರೆ ಅನ್ನೋದು ಸದಸ್ಯರಿಗೆ ಗೊತ್ತಿರುತ್ತಿತ್ತು. ಅದು ದೊಡ್ಡದು. ಅವರು ಬಿಟ್ಟ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ವೆಬ್‌ಸೈಟ್‌ನವರು ಬರಲ್ಲ. ಯೂಟ್ಯೂಬ್‌ನವರು ಜಗಳ ಆದರೆ ಮಾತ್ರ ಬರುತ್ತಾರೆ.

ವೆಬ್ ಡೆಸ್ಕಿನ ಕಥೆ ಕೇಳಲೇಬೇಡಿ. ಗೋಡೆ ಮೇಲೆ ಒಂದು ಟಿವಿ, ಅದರಲ್ಲಿ ಯಾವ ಸುದ್ದಿಗೆ ಈಗ ಎಷ್ಟು ಜನ ಅನ್ನೋ ಅಂಕಿ ಓಡುತ್ತಿರುತ್ತದೆ. 'ನಟಿ ಹೇಳಿದ್ದೇನು? ಇಲ್ಲಿದೆ ವಿವರ' ಅಂತ ಹಾಕಿದರೆ ಅಂಕಿ ಏರುತ್ತದೆ. ಚರಂಡಿ ಸುದ್ದಿ ಹಾಕಿದರೆ ಇಳಿಯುತ್ತದೆ. ಕೆಲಸ ಉಳಿಯಬೇಕಲ್ಲ, ನಾವೂ ನಟಿಯ ಸುದ್ದಿಯನ್ನೇ ಹಾಕಿದೆವು.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಡಿಜಿಟಲ್‌ನಲ್ಲಿ ಎಲ್ಲಾ ಉಳಿಯುತ್ತೆ ಅಂತಾರಲ್ಲ, ಅದು ಸುಳ್ಳು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯೂನಿಕೋಡ್ ಬರುವ ಮುಂಚೆ ಕನ್ನಡ ತಾಣಗಳು ಒಬ್ಬೊಬ್ಬರು ಒಂದೊಂದು ಫಾಂಟ್ ಬಳಸುತ್ತಿದ್ದರು. ಆ ಪುಟಗಳು ಈಗ ತೆರೆದರೂ ಬರೀ ವಿಚಿತ್ರ ಚಿಹ್ನೆಗಳು. ಸಾಫ್ಟ್‌ವೇರ್ ಬದಲಿಸಿದಾಗ ಹಳೇ ಲಿಂಕುಗಳೂ ಹೋದವು. 1970ರ ಪೇಪರ್ ಬೇಕಾದರೆ ಲೈಬ್ರರಿಯಲ್ಲಿ ದೂಳು ಕೊಡವಿ ಓದಬಹುದು. 2003ರ ಕನ್ನಡ ವೆಬ್ ಪುಟ ಹುಡುಕಿ ನೋಡೋಣ!

ಕಡಲ_ಕರೆ

ಡೆಸ್ಕಿನವರೇ, ನಾಲ್ಕು ಸಾಲಿನ ವರದಿಗಾರರ ಬಗ್ಗೆ ನೀವು ಬರೆದದ್ದು ಮನಸ್ಸಿಗೆ ನಾಟಿತು. ಆದರೆ ಅವರಲ್ಲೂ ಎಲ್ಲರೂ ಸಾಚಾ ಅಲ್ಲ ಮಾರಾಯ್ರೆ. ಗುರುತಿನ ಚೀಟಿ ತೋರಿಸಿ ಮರಳು ಲಾರಿ ತಡೆದು ನಿಲ್ಲಿಸಿದವರನ್ನೂ ನೋಡಿದ್ದೇವೆ.

ಡೆಸ್ಕ್_ನಂ_3

ಖಂಡಿತ ಇದ್ದಾರೆ. ಸಂಬಳ ಕೊಡದೆ ಗುರುತಿನ ಚೀಟಿ ಮಾತ್ರ ಕೊಟ್ಟರೆ ಆಗುವುದೇ ಅದು.

ಡೆನ್ವರ್_ಕನ್ನಡತಿ

ನಾನಿರುವ ಅಮೆರಿಕದ ಡೆನ್ವರ್‌ನಲ್ಲಿ ರಾಕಿ ಮೌಂಟನ್ ನ್ಯೂಸ್ ಅಂತ ಪತ್ರಿಕೆ ಇತ್ತು. 1859ರಲ್ಲಿ ಹುಟ್ಟಿ 2009ರ ಫೆಬ್ರುವರಿಯಲ್ಲಿ ಮುಚ್ಚಿತು, 150 ವರ್ಷ ತುಂಬಲು ಎರಡು ತಿಂಗಳೂ ಇರಲಿಲ್ಲ. ಇಲ್ಲಿ ಸಣ್ಣ ಊರುಗಳ ಪೇಪರುಗಳು ಸಾಲು ಸಾಲಾಗಿ ಮುಚ್ಚಿವೆ. ಅದರ ಪರಿಣಾಮವನ್ನು ಹಣಕಾಸಿನ ಪ್ರಾಧ್ಯಾಪಕರು ಲೆಕ್ಕ ಹಾಕಿದ್ದಾರೆ. ಸ್ಥಳೀಯ ಪೇಪರ್ ಮುಚ್ಚಿದ ಊರಿನ ಆಡಳಿತ ಬಾಂಡ್ ಮೂಲಕ ಸಾಲ ತೆಗೆಯಲು ಹೋದರೆ ಬಡ್ಡಿ ಸ್ವಲ್ಪ ಜಾಸ್ತಿ ಬೀಳುತ್ತದಂತೆ. ಕಣ್ಣಿಡುವವರು ಇಲ್ಲ ಅಂತ ಸಾಲ ಕೊಡುವವರಿಗೂ ಅಳುಕು. ಆ ಬಡ್ಡಿ ಕಟ್ಟುವುದು ಊರಿನವರೇ ತಾನೆ? ಪೇಪರ್ ಬಿಲ್ ಉಳಿಸಿ ಅದನ್ನು ತೆರಿಗೆಯಲ್ಲಿ ಕಟ್ಟಿದಂತಾಯಿತು. ಡೆಸ್ಕ್ ನಂ 3 ಹೇಳಿದ ಕೊನೆಯ ಬೆಂಚಿನ ಕಥೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ.

ಆಸ್ಟ್ರಿಯಾದ ವೀನರ್ ಜೈಟುಂಗ್ 1703ರಿಂದ ಇದ್ದ ಪತ್ರಿಕೆ. 2023ರ ಜೂನ್ 30ಕ್ಕೆ ಅದರ ದಿನದ ಮುದ್ರಣ ನಿಂತಿತು. ಕಾರಣ ಗೊತ್ತಾ? ಸರ್ಕಾರದ, ಕಂಪನಿಗಳ ಪ್ರಕಟಣೆ ಅಲ್ಲಿ ಅಚ್ಚಾಗಲೇಬೇಕು ಅನ್ನೋ ಕಾನೂನು ತೆಗೆದರು. ವಕೀಲರು ಹೇಳಿದ ಆ ನೋಟಿಸ್ ದುಡ್ಡು ನಿಂತರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ.

ಮಾಟುಂಗಾ_ಮಾಮ

ಮುಂಬಯಿಯಿಂದ ಎರಡು ಮಾತು. ಇಲ್ಲಿ ಕರ್ನಾಟಕ ಮಲ್ಲ ಇದೆ, ಉದಯವಾಣಿಗೂ ಮುಂಬಯಿ ಆವೃತ್ತಿ. ಊರಿನ ಸುದ್ದಿ, ಸಂಘಗಳ ಕಾರ್ಯಕ್ರಮ, ಹೋಟೆಲ್ ಉದ್ಯಮಿಗಳ ಸಮಾಚಾರ ಎಲ್ಲ ಅದರಲ್ಲೇ. ಓದುವವರು ನನ್ನ ಪ್ರಾಯದವರು. ನಮ್ಮ ಮೊಮ್ಮಕ್ಕಳು ಮನೆಯಲ್ಲಿ ತುಳು, ಕನ್ನಡ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ. ಅವರಿಗೆ ಕಾಗದದಲ್ಲಿ ಕೊಟ್ಟರೂ ಅಷ್ಟೇ, ಮೊಬೈಲಲ್ಲಿ ಕೊಟ್ಟರೂ ಅಷ್ಟೇ.

ಬಂಡಲ್_ಬಸಣ್ಣ

ಒಂದು ವಿಷಯ ಸೇರಿಸ್ತೀನಿ. ದೊಡ್ಡ ಪೇಪರ್‌ಗಿಂತ ಊರಿನ ಪೇಪರ್ ಗಟ್ಟಿ. ನಮ್ಮಲ್ಲಿ ಜನತಾವಾಣಿ ಬಿಡಲ್ಲ ಅಂತ ಹಟ ಹಿಡಿದ ಮನೆಗಳಿವೆ. ರಾಜ್ಯಮಟ್ಟದ ಪೇಪರ್ ನಿಲ್ಲಿಸಿ ಅದೊಂದನ್ನು ಇಟ್ಟುಕೊಂಡವರೂ ಇದ್ದಾರೆ. ಮಡಿಕೇರಿಯಲ್ಲಿ ಶಕ್ತಿ 1957ರಿಂದ ಇದೆ, ಮೈಸೂರಲ್ಲಿ ಆಂದೋಲನ. ಮೋದಿ, ಟ್ರಂಪ್ ಸುದ್ದಿ ಎಲ್ಲಾ ಕಡೆ ಸಿಗುತ್ತೆ. ನಮ್ಮ ಓಣಿಗೆ ನೀರು ಯಾವಾಗ ಬಿಡ್ತಾರೆ, ಯಾರ ಕೈಲಾಸ ಸಮಾರಾಧನೆ ಯಾವಾಗ, ಇದು ಬೇರೆ ಕಡೆ ಸಿಗಲ್ಲ.

ಈಗೀಗ ಅದೂ ವಾಟ್ಸಾಪ್ ಗ್ರೂಪ್‌ಗೆ ಬರ್ತಾ ಇದೆ, ಅದು ಬೇರೆ. ನಮ್ಮ ಹಳೇ ಲೈನ್ ಹುಡುಗನೇ ಒಬ್ಬ ಫೇಸ್‌ಬುಕ್‌ನಲ್ಲಿ ಊರ ಸುದ್ದಿ ಲೈವ್ ಮಾಡ್ತಾನೆ. ಚೆನ್ನಾಗಿ ಮಾಡ್ತಾನೆ. ಒಂದೊಂದು ಸಲ ಸತ್ತಿಲ್ಲದವರನ್ನೂ ಸಾಯಿಸಿಬಿಡ್ತಾನೆ, ಆಮೇಲೆ ಡಿಲೀಟ್ ಮಾಡ್ತಾನೆ.

ಧಾರವಾಡ_ಸ್ಪರ್ಧಾರ್ಥಿ

ಡಿಲೀಟ್ ಮಾಡೋ ಸೌಲಭ್ಯ ಪೇಪರ್‌ನವರಿಗೆ ಇಲ್ಲ ನೋಡ್ರಿ. ಅದಕ್ಕೇ ಹಾಕೋ ಮೊದಲು ಎರಡು ಸಲ ನೋಡ್ತಾರೆ.

ಡೆಸ್ಕ್_ನಂ_3

ನೋಡುತ್ತಿದ್ದರು.

ಹಾವೇರಿ_ಹುಡುಗ

ಸರಿ, ಇಷ್ಟೆಲ್ಲಾ ಓದಿದೆ. ಕೊನೆಯ ಬೆಂಚಿನ ವಿಷಯ ಒಪ್ಪಿದೆ, ಅದಕ್ಕೆ ದುಡ್ಡು ಕೊಡೋಕೂ ರೆಡಿ. ಆದರೆ ಕಾಗದ ಯಾಕೆ ಬೇಕು? ನಮ್ಮ ತಾಲ್ಲೂಕಿನ ಸುದ್ದಿ ಮಾತ್ರ ಮೊಬೈಲ್‌ಗೆ ಕಳಿಸಿ, ತಿಂಗಳಿಗೆ ನೂರು ರೂಪಾಯಿ ತಗೊಳ್ಳಿ ಅಂದ್ರೆ ಕೊಡ್ತೀನಿ. ಯಾರಾದರೂ ಮಾಡ್ತಿದ್ದಾರಾ?

ಕಾಫಿ_ಜತೆ_ಪೇಪರ್

ಇ-ಪೇಪರ್‌ಗೆ ಚಂದಾ ತೆಗೆದುಕೊಳ್ಳುವ ಪತ್ರಿಕೆಗಳಿವೆ. ಅದು ಮುದ್ರಿತ ಪುಟದ ಚಿತ್ರವೇ ಹೊರತು ನೀನು ಕೇಳುವಂಥದ್ದಲ್ಲ. ಮೊಬೈಲಲ್ಲಿ ಆ ಪುಟ ಹಿಗ್ಗಿಸಿ ಕುಗ್ಗಿಸಿ ಓದುವುದು ಒಂದು ಶಿಕ್ಷೆ. ನೀನು ಹೇಳಿದ ಹಾಗೆ ಬರೀ ತಾಲ್ಲೂಕಿಗೆ ಮಾಡಬೇಕಾದರೆ ಎಷ್ಟು ಜನ ನೂರು ರೂಪಾಯಿ ಕೊಟ್ಟಾರು ಅನ್ನೋದೇ ಪ್ರಶ್ನೆ. ಒಬ್ಬ ವರದಿಗಾರನಿಗೆ ತಿಂಗಳಿಗೆ 25 ಸಾವಿರ ಕೊಡಬೇಕಾದರೆ 250 ಜನ ತಪ್ಪದೆ ಕಟ್ಟಬೇಕು. ಒಂದು ತಾಲ್ಲೂಕಿನಲ್ಲಿ ಅಷ್ಟು ಜನ ಸಿಗಲ್ವಾ? ಸಿಗಬೇಕಪ್ಪ.

ಬಂಡಲ್_ಬಸಣ್ಣ

ಸಿಗ್ತಾರೆ ಸಾರ್. ವಸೂಲಿಗೆ ಮಾತ್ರ ನನ್ನನ್ನು ಕರೀಬೇಡಿ.

ವೈಟ್‌ಫೀಲ್ಡ್_ಸೋಮು

ಬಸಣ್ಣ ಅವರೇ, ಚರ್ಚೆಗೆ ಸಂಬಂಧ ಇಲ್ಲದ ಒಂದು ಸಹಾಯ. ನಮ್ಮ ಅಪ್ಪ ಅಮ್ಮ ದಾವಣಗೆರೆ ನಿಟುವಳ್ಳಿಯಲ್ಲಿ ಇದ್ದಾರೆ. ಅಪ್ಪನಿಗೆ ಪೇಪರ್ ಇಲ್ಲದೆ ಆಗಲ್ಲ. ಹಾಕುತ್ತಿದ್ದವರು ಬಿಟ್ಟ ಮೇಲೆ ಮಂಡಿ ನೋವಿಟ್ಟುಕೊಂಡು ದಿನಾ ಸರ್ಕಲ್‌ವರೆಗೂ ನಡೆದು ಹೋಗುತ್ತಾರೆ. ವರ್ಷದ ದುಡ್ಡು ಈಗಲೇ ಹಾಕುತ್ತೇನೆ. ನೀವು ಹಾಕಿಸಿಕೊಡ್ತೀರಾ?

ಬಂಡಲ್_ಬಸಣ್ಣ

ಅದು ನನ್ನ ಲೈನ್ ಅಲ್ಲ ಸಾರ್. ಅಲ್ಲಿ ಹಾಕುತ್ತಿದ್ದ ಏಜೆಂಟ್ ಬಿಟ್ಟಿದ್ದಾರೆ. ಪಕ್ಕದ ಬಡಾವಣೆಗೆ ನಮ್ಮ ಹುಡುಗ ಬರ್ತಾನೆ, ಆದರೆ ಒಂದು ಮನೆಗೋಸ್ಕರ ಅಷ್ಟು ದೂರ ತಿರುಗೋ ಅಂತ ಅವನಿಗೆ ಹೇಳಕ್ಕಾಗಲ್ಲ. ಅದೇ ರಸ್ತೆಯಲ್ಲಿ ಇನ್ನೊಂದು ನಾಲ್ಕು ಮನೆ ಒಪ್ಪಿಸಿ ಕೊಡಿ, ಒಂದನೇ ತಾರೀಖಿಂದ ಶುರು ಮಾಡಿಸ್ತೀನಿ.

ವೈಟ್‌ಫೀಲ್ಡ್_ಸೋಮು

ಎದುರು ಮನೆಯವರು ರಿಟೈರ್ಡ್ ಮೇಷ್ಟ್ರು, ಅವರು ಒಪ್ಪಬಹುದು. ಉಳಿದವರನ್ನು ಅಪ್ಪನ ಹತ್ತಿರವೇ ಕೇಳಿಸ್ತೀನಿ. ಭಾನುವಾರ ತಿಳಿಸಲಾ?

ಬಂಡಲ್_ಬಸಣ್ಣ

ತಿಳಿಸಿ. ಮಧ್ಯಾಹ್ನದ ಮೇಲೆ ಫೋನ್ ಮಾಡಿ, ಬೆಳಿಗ್ಗೆ ಬೇಡ.